ಹಿಮದಲ್ಲಿ ಪುಟ್ಟ ಟ್ರ್ಯಾಕ್ಟರ್: ಯಾವ ಚೈನ್ ತಗೋಬೇಕು, ಹೇಗೆ ಹಾಕ್ಬೇಕು

ಹಿಮ ಬಿದ್ದ ದಿನ ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ತಗೊಂಡು ದಾರಿ ಬಿಡಿಸೋಕೆ ಹೊರಟವರಿಗೆ ಮೊದಲು ಅನ್ಸೋದು, ಫೋರ್ ವೀಲ್ ಡ್ರೈವ್ ಇದೆಯಲ್ಲ ಸಾಕು ಅಂತ. ಏರು ಹತ್ತುವಾಗ ಅದು ಸರಿ ಅಂತಾನೂ ಅನ್ಸುತ್ತೆ. ಆದ್ರೆ ಅದೇ ದಾರೀಲಿ ಮುಂದಿನ ಬಕೆಟ್ ತುಂಬ ಹಿಮ ತುಂಬ್ಕೊಂಡು ಇಳೀತಾ ಬನ್ನಿ, ಭಾರ ಎಲ್ಲ ಮುಂದೆ ಹೋಗಿ ಹಿಂದಿನ ಚಕ್ರ ಹಗುರ ಆಗಿರುತ್ತೆ, ಈ ಸೈಜಿನ ಬಹಳಷ್ಟು ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರೋದೇ ಆ ಹಿಂದಿನ ಎರಡು ಚಕ್ರಕ್ಕೆ, ಪೆಡಲ್ ಒತ್ತಿದ್ರೆ ಚಕ್ರ ನಿಲ್ಲುತ್ತೆ ಗಾಡಿ ಮಾತ್ರ ಜಾರ್ತಾನೇ ಇರುತ್ತೆ. ಹಾಗಾಗಿ ಜಾರದಿರಲಿ ಅಂತ ಟೈರಿಗೆ ಸುತ್ತೋ ಚೈನ್ ಆರಿಸುವಾಗ ನಿಮ್ಮ ಮನಸ್ಸಲ್ಲಿ ಇರಬೇಕಾದ್ದು ಈ ಇಳಿಜಾರು. ನಾನು ಈ ಲೇಖನದಲ್ಲಿ ಹೇಳೋದೆಲ್ಲ ಗಾಡಿ ನಿಲ್ಲಬೇಕು ಅನ್ನೋ ಲೆಕ್ಕದಲ್ಲೇ.

ಮೊದಲು ಟೈರ್ ನೋಡಿ

ಚೈನ್ ಅಂಗಡಿಗೆ ಹೋಗೋಕೆ ಮುಂಚೆ ನಿಮ್ಮ ಟೈರ್ ಯಾವ ಜಾತಿ ಅಂತ ಗೊತ್ತಿರಬೇಕು. ಉಳುಮೆಗೆ ಮಾಡಿದ್ದು ಆರ್1, ಅದರ ಲಗ್ (ಟೈರಿನ ಮೇಲೆ ಎದ್ದಿರೋ ರಬ್ಬರ್ ದಿಂಡು) ಎತ್ತರ, ಲಗ್ಗುಗಳ ಮಧ್ಯೆ ಜಾಗ ಜಾಸ್ತಿ. ಹುಲ್ಲುಹಾಸಿಗೆ ಮಾಡಿದ್ದು ಆರ್3, ಸಣ್ಣ ಸಣ್ಣ ಬ್ಲಾಕ್ ಇರುತ್ತೆ. ಲೋಡರ್ (ಮುಂದಿನ ಬಕೆಟ್ ಎತ್ತೋ ಸಾಧನ) ಕೆಲಸಕ್ಕೆ ಬರೋದು ಆರ್4, ಅಗಲವಾದ ಗಟ್ಟಿ ಲಗ್ಗು. ಗಟ್ಟಿಯಾದ ಹಿಮದ ಮೇಲೆ ಚೈನ್ ಇಲ್ಲದೆ ಹೋಲಿಸಿದ್ರೆ ಎಷ್ಟೋ ಸಲ ಆ ಸಣ್ಣ ಬ್ಲಾಕಿನ ಆರ್3 ಟೈರೇ ವಾಸಿ, ಯಾಕಂದ್ರೆ ಅದರಲ್ಲಿ ನೆಲ ಹಿಡಿಯೋ ಅಂಚುಗಳು ಜಾಸ್ತಿ. ಮಂಜುಗಡ್ಡೆ ಮೇಲಂತೂ ಆರ್4 ನಯವಾದ ರಬ್ಬರ್ ತುಂಡಿನ ಹಾಗೆ ಜಾರುತ್ತೆ, ಇದು ಹೊಸದಾಗಿ ಗಾಡಿ ತಗೊಂಡವರಿಗೆ ಗೊತ್ತಿರಲ್ಲ.

ಈಗ ಚೈನ್ ನಮೂನೆ. ಅಗ್ಗಕ್ಕೆ ಸಿಗೋದು ಏಣಿ ನಮೂನೆ, ಅಂದ್ರೆ ಎರಡು ಪಕ್ಕಕ್ಕೆ ಉದ್ದ ಚೈನ್, ಮಧ್ಯೆ ಏಣಿ ಮೆಟ್ಟಿಲ ಹಾಗೆ ಅಡ್ಡ ಚೈನು. ಪಕ್ಕದ ಚೈನಿನ 4 ಲಿಂಕಿಗೆ ಒಂದು ಅಡ್ಡ ಚೈನ್ ಇದ್ರೆ 4 ಲಿಂಕ್ ಅಂತಾರೆ, 2ಕ್ಕೆ ಒಂದಿದ್ರೆ 2 ಲಿಂಕ್. ಆರ್1 ಟೈರಿಗೆ ಈ ಏಣಿ ಹಾಕಿದ್ರೆ ಅಡ್ಡ ಚೈನೆಲ್ಲ ಲಗ್ಗುಗಳ ಸಂದಿಗೆ ಇಳಿದು ಕೂತ್ಕೊಳ್ಳುತ್ತೆ, ನೆಲ ಮುಟ್ಟೋದು ಮತ್ತೆ ರಬ್ಬರೇ, ದುಡ್ಡು ದಂಡ. ಆರ್4ರಲ್ಲೂ 4 ಲಿಂಕ್ ಹಾಕಿದ್ರೆ ಸುಮಾರು ಇದೇ ಕಥೆ. ಇನ್ನೊಂದು ತೊಂದರೆ, ಎರಡು ಅಡ್ಡ ಚೈನಿನ ನಡುವೆ ಬರೀ ರಬ್ಬರ್ ನೆಲಕ್ಕೆ ತಾಗಿರೋ ಜಾಗದಲ್ಲೇ ಚಕ್ರ ನಿಂತ್ರೆ ಗಾಡಿ ಮುಂದಿನ ಮೆಟ್ಟಿಲು ಸಿಗೋ ತನಕ ಜಾರುತ್ತೆ, ಪಕ್ಕಕ್ಕೆ ಜಾರೋದನ್ನಂತೂ ಏಣಿ ನಮೂನೆ ಹೆಚ್ಚು ತಡೆಯಲ್ಲ. ಆರ್3 ಟೈರು, ಸಮತಟ್ಟು ಅಂಗಳ ಅಂದ್ರೆ 2 ಲಿಂಕ್ ಏಣಿ ಧಾರಾಳ ಸಾಕು, ಅದಕ್ಕಿಂತ ಖರ್ಚು ಮಾಡೋ ಅಗತ್ಯ ಇಲ್ಲ.

ಆರ್1, ಆರ್4 ಇರೋರು, ಇಳಿಜಾರು ಇರೋರು ಡೈಮಂಡ್ ನಮೂನೆ ತಗೊಳ್ಳಿ. ಬಲೆ ಹೆಣೆದ ಹಾಗೆ ಓರೆ ಓರೆಯಾಗಿ ಚೈನ್ ಇರೋದ್ರಿಂದ ಲಗ್ಗಿನ ಮೇಲೇ ಕೂತಿರುತ್ತೆ, ಯಾವ ಹೊತ್ತಲ್ಲೂ ಒಂದಿಷ್ಟು ಕಬ್ಬಿಣ ನೆಲದ ಮೇಲೆ ಇರುತ್ತೆ, ಪಕ್ಕಕ್ಕೂ ಹಿಡಿತ ಕೊಡುತ್ತೆ, ಗಾಡಿ ಕುಲುಕೋದೂ ಕಮ್ಮಿ. ಬೆಲೆ ಜಾಸ್ತಿ, ಆದ್ರೂ ನನ್ನ ಅಭಿಪ್ರಾಯದಲ್ಲಿ ಇಳಿಜಾರಿಗೆ ಬೇರೆ ಆಯ್ಕೆ ಇಲ್ಲ. ಬರೀ ಮಂಜುಗಡ್ಡೆನೇ ಜಾಸ್ತಿ ಇದ್ರೆ ಲಿಂಕ್ ಮೇಲೆ ವಿ ಆಕಾರದ ಪಟ್ಟಿನೋ ಮೊಳೆಯಂಥ ಸ್ಟಡ್ಡೋ ಬೆಸುಗೆ ಹಾಕಿರೋ ಚೈನ್ ಬರುತ್ತೆ, ಚೆನ್ನಾಗಿ ಕಚ್ಚುತ್ತೆ, ಆದ್ರೆ ಡಾಂಬರನ್ನೂ ಹಾಸುಕಲ್ಲನ್ನೂ ಅಷ್ಟೇ ಚೆನ್ನಾಗಿ ಕಿತ್ತುಹಾಕುತ್ತೆ.

ಸೈಜ್ ಟೈರಿನ ಪಕ್ಕದಲ್ಲೇ ಬರೆದಿರುತ್ತೆ, 11.2-24 ಅಂತಲೋ 43×16.00-20 ಅಂತಲೋ. ಎರಡನೇ ಥರದ್ದರಲ್ಲಿ ಮೊದಲನೇ ಅಂಕಿ ಎತ್ತರ, ಆಮೇಲೆ ಅಗಲ, ಕೊನೇದು ರಿಮ್, ಎಲ್ಲ ಇಂಚಲ್ಲಿ. ಇದನ್ನ ಫೋಟೊ ತೆಗೆದುಕೊಂಡೇ ಹೋಗಿ, ನೆನಪಿನ ಮೇಲೆ ಹೇಳಿ ತಂದ ಚೈನ್ ಒಂದು ಗೇಣು ಕಮ್ಮಿ ಬೀಳೋದು ಮಾಮೂಲಿ.

ಜಾಗ ಅಳೆಯೋದು, ಇದನ್ನ ಬಿಡಲೇಬೇಡಿ

ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಜಾಗ ಎಲ್ಲರೂ ನೋಡ್ತಾರೆ. ಒಳಗಡೆ ಯಾರೂ ನೋಡಲ್ಲ. ಟೈರಿನ ಒಳಮಗ್ಗುಲಲ್ಲಿ ತ್ರೀ ಪಾಯಿಂಟ್ (ಹಿಂದೆ ಉಪಕರಣ ಕಟ್ಟೋ ಮೂರು ಕೊಂಡಿಯ ಜೋಡಣೆ) ಲಿಫ್ಟ್ ಆರ್ಮ್ ಇರುತ್ತೆ, ಬ್ರೇಕ್ ರಾಡ್ ಇರುತ್ತೆ, ಹೈಡ್ರಾಲಿಕ್ ಪೈಪ್ ಇರುತ್ತೆ, ಲೋಡರ್ ಫ್ರೇಮಿನ ಬೋಲ್ಟ್ ತಲೆ ಚಾಚಿರುತ್ತೆ. ಚೈನಿನ ಎರಡು ಲಿಂಕ್ ಒಂದರ ಮೇಲೊಂದು ಬಂದ್ರೆ ಎಷ್ಟು ದಪ್ಪ ಆಗುತ್ತೋ ಅದರ ಮೇಲೆ ಇನ್ನೊಂದೆರಡು ಬೆರಳು ಜಾಗ ಉಳಿಯಬೇಕು, ಯಾಕಂದ್ರೆ ಓಡುವಾಗ ಚೈನ್ ಹೊರಕ್ಕೆ ಚಿಮ್ಮುತ್ತೆ. ಲಿಫ್ಟ್ ಆರ್ಮನ್ನ ಮೇಲೆತ್ತಿ ಕೆಳಗಿಳಿಸಿ, ಪಕ್ಕಕ್ಕೆ ಅಲ್ಲಾಡಿಸಿ ಎರಡೂ ಸ್ಥಿತೀಲಿ ಅಳೀರಿ.

ಜಾಗ ಸಾಲದಿದ್ರೆ ವೀಲ್ ಸ್ಪೇಸರ್ (ಚಕ್ರಕ್ಕೂ ಆಕ್ಸಲ್ಲಿಗೂ ಮಧ್ಯೆ ಕೂರೋ ದಪ್ಪ ಬಿಲ್ಲೆ) ಹಾಕಿ ಚಕ್ರವನ್ನ ಹೊರಗೆ ತರಬಹುದು, ಗಾಡಿ ಅಗಲ ಆಗೋದ್ರಿಂದ ಪಕ್ಕಕ್ಕೆ ವಾಲೋದೂ ಸ್ವಲ್ಪ ಕಮ್ಮಿ ಆಗುತ್ತೆ. ಆದ್ರೆ ಆಕ್ಸಲ್ ಮೇಲೆ ಭಾರ ಹೆಚ್ಚುತ್ತೆ, ಟ್ರ್ಯಾಕ್ಟರ್ ಕಂಪನಿ ಮ್ಯಾನುಯಲ್ ಒಪ್ಪಿದ್ರೆ ಮಾತ್ರ ಹಾಕಿ, ಹಾಕಿದ ಮೇಲೆ ಕೆಲವು ಗಂಟೆ ಓಡಿಸಿ ನಟ್ಟುಗಳನ್ನ ಮತ್ತೆ ಬಿಗಿ ಮಾಡಿ.

ಒಂದೇ ಜೊತೆ ತಗೊಳ್ಳೋದಾದ್ರೆ ಹಿಂದಿನ ಚಕ್ರಕ್ಕೆ. ಬ್ರೇಕ್ ಅಲ್ಲಿದೆ, ಮುಂದೆ ಮಾತ್ರ ಹಾಕಿದ್ರೆ ಇಳಿಯುವಾಗ ಮುಂಭಾಗ ಕಚ್ಚಿಕೊಂಡು ಹಿಂಭಾಗ ತಿರುಗಿ ಬರುತ್ತೆ. ಮುಂದಕ್ಕೂ ಬೇಕು ಅಂದ್ರೆ ಒಂದು ಮುಂದಿನ ಚಕ್ರವನ್ನ ಹಲಗೆ ಮೇಲೆ ಹತ್ತಿಸಿ, ಸ್ಟೀರಿಂಗನ್ನ ಎರಡೂ ಕಡೆ ಕೊನೆವರೆಗೂ ತಿರುಗಿಸಿ, ಟೈರು ಲೋಡರ್ ಫ್ರೇಮಿಗೆ ಎಷ್ಟು ಹತ್ತಿರ ಬರುತ್ತೆ ನೋಡಿ. ಮುಂದಿನ ಚಕ್ರಕ್ಕೆ ಚೈನ್ ಬೇಡ ಅಂತ ಮ್ಯಾನುಯಲ್‌ನಲ್ಲಿ ಇದ್ರೆ ಅಲ್ಲಿಗೇ ಮುಗೀತು.

ತೂಕ ಮತ್ತು ಗಾಳಿ

ಹಿಂದೆ ಭಾರ ಇಲ್ಲದೆ ಚೈನ್ ಕಚ್ಚಲ್ಲ. ತ್ರೀ ಪಾಯಿಂಟಿಗೆ ತೂಕದ ಪೆಟ್ಟಿಗೆನೋ ಬ್ಲೇಡೋ ಕಟ್ಟಿ, ಇಲ್ಲ ಟೈರಿಗೆ ದ್ರವ ತುಂಬಿಸಿ, ವಾಲ್ವ್ ಮೇಲ್ಗಡೆ ಬರೋ ಹಾಗೆ ಚಕ್ರ ನಿಲ್ಲಿಸಿ ವಾಲ್ವ್ ಮಟ್ಟದವರೆಗೆ, ಅಂದ್ರೆ ಸುಮಾರು ಮುಕ್ಕಾಲು ಭಾಗ. ಬರೀ ನೀರು ಹಾಕ್ಬೇಡಿ ಹೆಪ್ಪುಗಟ್ಟುತ್ತೆ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಭಾರ ಚೆನ್ನಾಗಿ ಕೊಡುತ್ತೆ ಆದ್ರೆ ರಿಮ್ ತುಕ್ಕು ಹಿಡಿಸುತ್ತೆ, ಬೀಟ್ ರಸದಿಂದ ಮಾಡಿದ ದ್ರವ ತುಕ್ಕು ಹಿಡಿಸಲ್ಲ, ನೀರಿಗಿಂತ ಸುಮಾರು 30% ಭಾರ.

ಚಳೀಲಿ ಗಾಳಿ ಇಳಿಯುತ್ತೆ ಅನ್ನೋದೂ ನೆನಪಿರಲಿ. 20 ಡಿಗ್ರಿ ಇದ್ದಾಗ 20 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬಿದ ಟೈರು ಮೈನಸ್ 10ಕ್ಕೆ ಬಂದಾಗ ಮೂರೂವರೆ ಪಿಎಸ್‌ಐಯಷ್ಟು ಕಳ್ಕೊಂಡಿರುತ್ತೆ, ಟೈರು ಬಳುಕಿ ಚೈನ್ ಸಡಿಲ ಆಗುತ್ತೆ. ಹಾಗಾಗಿ ಚಳೀಲೇ ಗೇಜ್ ಹಿಡಿದು ಸರಿ ಮಾಡಿ, ಆಮೇಲೆ ಚೈನ್ ಹಾಕಿ.

ಹಾಕೋದು

ಮೊದಲ ಹಿಮ ಬೀಳೋಕೆ ಮುಂಚೆ, ಒಣ ಸಮ ನೆಲದ ಮೇಲೆ, ಹಗಲು ಹೊತ್ತಲ್ಲಿ ಮಾಡಿ. ಹಿಮ ಬಿದ್ದ ಮೇಲೆ ಮರಗಟ್ಟಿದ ಬೆರಳಲ್ಲಿ ಈ ಕೆಲಸ ಯಾರಿಗೂ ಬೇಡ. ಬಕೆಟ್ ನೆಲಕ್ಕಿಳಿಸಿ, ಪಿಟಿಒ (ಎಂಜಿನ್ ಶಕ್ತಿಯನ್ನ ಉಪಕರಣಕ್ಕೆ ಕೊಡೋ ಶಾಫ್ಟ್) ಆಫ್, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ ಕೀ ಜೇಬಿಗೆ ಹಾಕ್ಕೊಳ್ಳಿ, ಚಕ್ರಕ್ಕೆ ಅಡ್ಡ ಕೊಡಿ. ಚೈನನ್ನ ನೆಲದ ಮೇಲೆ ಪೂರ್ತಿ ಹರಡಿ ತಿರುಚು ಎಲ್ಲ ಬಿಡಿಸಿ, ಒಂದು ಲಿಂಕ್ ತಿರುಚಿದ್ರೂ ಕೊನೇಲಿ ಹುಕ್ ಎಟುಕಲ್ಲ. ಅಡ್ಡ ಚೈನಿನ ಹುಕ್ಕುಗಳ ಬಾಯಿ ಹೊರಕ್ಕೆ ಇರಬೇಕು, ಟೈರ್ ಕಡೆ ತಿರುಗಿದ್ರೆ ರಬ್ಬರನ್ನ ಕೊರೆಯುತ್ತೆ.

ಆಮೇಲೆ ಚೈನನ್ನ ಟೈರಿನ ಮೇಲೆ ಸೀರೆ ಒಣಹಾಕಿದ ಹಾಗೆ ಹೊದಿಸಿ, ಎರಡೂ ಪಕ್ಕ ಸಮ ಇಳಿಬಿಡಿ, ಒಂದು ತುದಿಯನ್ನ ಟೈರಿನ ಕೆಳಗಡೆ ನೆಲದ ಹತ್ತಿರ ಸಿಗಿಸಿ. ಚಕ್ರಕ್ಕೆ ಕೊಟ್ಟ ಅಡ್ಡ ತೆಗೆದು, ಹತ್ತಿರ ಯಾರೂ ಇಲ್ಲ ಅಂತ ನೋಡಿ, ಸೀಟಲ್ಲಿ ಕೂತು ಎಂಜಿನ್ ಸ್ಟಾರ್ಟ್ ಮಾಡಿ ನಿಧಾನ ಅರ್ಧ ಸುತ್ತು ಮುಂದೆ ಹೋಗಿ. ಎರಡೂ ತುದಿ ಕೈಗೆ ಎಟುಕೋ ಎತ್ತರಕ್ಕೆ ಬರುತ್ತೆ. ಮತ್ತೆ ಎಂಜಿನ್ ನಿಲ್ಲಿಸಿ ಇಳಿದು ಒಳಗಡೆ ಹುಕ್ ಮೊದಲು ಹಾಕಿ, ಆಮೇಲೆ ಹೊರಗಡೇದು. ಒಳಗಡೆ ಎಷ್ಟನೇ ಲಿಂಕಿಗೆ ಹಾಕಿದ್ರೋ ಹೊರಗಡೆನೂ ಅಷ್ಟಕ್ಕೇ, ಇಲ್ಲಾಂದ್ರೆ ಚೈನ್ ಒಂದು ಕಡೆ ಎಳೆದುಕೊಳ್ಳುತ್ತೆ.

ಬಿಗಿ ಎಷ್ಟಿರಬೇಕು? ಚೈನಿಗೂ ಟೈರಿಗೂ ಮಧ್ಯೆ ಒಂದೆರಡು ಬೆರಳು ಕಷ್ಟಪಟ್ಟು ಹೋಗಬೇಕು. ರಬ್ಬರ್ ಅಥವಾ ಸ್ಪ್ರಿಂಗ್ ಟೆನ್ಷನರ್ ಹಾಕೋದು ಒಳ್ಳೇದೇ, ಆದ್ರೆ ಸಡಿಲ ಕಟ್ಟಿದ ಚೈನನ್ನ ಅದು ಸರಿ ಮಾಡುತ್ತೆ ಅಂತ ನಂಬ್ಬೇಡಿ, ಅದು ಉಳಿದ ಚೂರು ಸಡಿಲವನ್ನ ಎಳ್ಕೊಳ್ಳೋಕೆ ಅಷ್ಟೇ. ಒಂದು ನೂರು ಮೀಟರ್ ಓಡಿಸಿ ಬಂದು ಮತ್ತೆ ನೋಡಿ, ಖಂಡಿತ ಒಂದು ಲಿಂಕ್ ಬಿಗಿ ಮಾಡೋ ಹಾಗೆ ಆಗಿರುತ್ತೆ. ಕೊನೇಲಿ ನೇತಾಡೋ ಲಿಂಕುಗಳನ್ನ ಗಟ್ಟಿ ಕಟ್ಟಿ ಇಲ್ಲ ಕತ್ತರಿಸಿ, ಪ್ರತಿ ಸುತ್ತಿಗೂ ಅದು ಚಾಟಿ ಥರ ಬೀಸಿ ವಾಲ್ವನ್ನೋ ಹೈಡ್ರಾಲಿಕ್ ಪೈಪನ್ನೋ ಹೊಡೆದುಹಾಕುತ್ತೆ.

ಓಡಿಸುವಾಗ

ಚೈನ್ ಹಾಕಿದ ಮೇಲೆ ವೇಗ ಕಮ್ಮಿ, ಗಂಟೆಗೆ 10-15 ಕಿ.ಮೀ. ದಾಟಬೇಡಿ. ಚಕ್ರ ಒಂದೇ ಕಡೆ ಗಿರಗಿರ ತಿರುಗಿದ್ರೆ ತಕ್ಷಣ ಕಾಲು ತೆಗೀರಿ, ಲಿಂಕ್ ಸವೆಯೋದೂ ಕಡಿಯೋದೂ ಹಾಗೇನೇ. ಡಿಫ್ ಲಾಕ್ (ಎಡ ಬಲ ಚಕ್ರ ಒಂದೇ ವೇಗದಲ್ಲಿ ತಿರುಗೋ ಹಾಗೆ ಮಾಡೋದು) ನೇರ ಹೋಗುವಾಗ ಮಾತ್ರ.

ಇಳಿಯೋಕೆ ಶುರು ಮಾಡೋ ಮುಂಚೆನೇ ಫೋರ್ ವೀಲ್ ಹಾಕಿ, ಚಿಕ್ಕ ಗೇರಲ್ಲಿರಿ. ಆಗ ಎಂಜಿನ್ನಿನ ತಡೆ ಮುಂದಿನ ಚಕ್ರಕ್ಕೂ ಹೋಗುತ್ತೆ, ಹೈಡ್ರೋಸ್ಟ್ಯಾಟಿಕ್ (ಎಣ್ಣೆ ಒತ್ತಡದಿಂದ ಚಕ್ರ ತಿರುಗಿಸೋ) ಗಾಡಿ ಆದ್ರೆ ಪೆಡಲ್ ಮೆಲ್ಲಗೆ ಬಿಟ್ರೆ ನಾಲ್ಕೂ ಚಕ್ರ ಒಟ್ಟಿಗೆ ಹಿಡಿಯುತ್ತೆ. ಬಕೆಟ್ ಯಾವಾಗಲೂ ನೆಲಕ್ಕೆ ಹತ್ತಿರ. ರೋಲ್ ಬಾರ್ (ಗಾಡಿ ಮಗುಚಿದ್ರೆ ಕೂತವರನ್ನ ಕಾಯೋ ಕಂಬಿ) ಎತ್ತಿ ಸೀಟ್ ಬೆಲ್ಟ್ ಹಾಕಿರಿ, ಚೈನ್ ಜಾರೋದನ್ನ ತಡೆಯುತ್ತೆ, ಮಗುಚೋದನ್ನ ತಡೆಯಲ್ಲ, ಅದರ ಧೈರ್ಯದ ಮೇಲೆ ಮೊದಲು ಹೋಗದೇ ಇದ್ದ ಇಳಿಜಾರಿಗೆ ಹೋಗ್ಬೇಡಿ ಅಂತ ಕೈಮುಗಿದು ಕೇಳ್ಕೋತೀನಿ. ಹಿಮ ಇಲ್ಲದ ಕಾಂಕ್ರೀಟ್ ಮೇಲೆ ಬಂದಾಗ ಫೋರ್ ವೀಲ್ ತೆಗೀರಿ, ಮುಂದಿನ ಹಿಂದಿನ ಚಕ್ರಗಳ ವೇಗ ಸರಿಹೊಂದದೆ ಗೇರುಗಳ ಮೇಲೆ ಒತ್ತಡ ಬೀಳುತ್ತೆ.

ಬಿಚ್ಚಿ ಇಡೋದು

ಹಿಮ ಕರಗಿದ ತಕ್ಷಣ ಬಿಚ್ಚಿಬಿಡಿ. ಹಿಮ ಕರಗಿಸೋಕೆ ದಾರಿಗೆ ಹಾಕಿದ ಉಪ್ಪು ಹೋಗೋ ಹಾಗೆ ತೊಳೆದು ಒಣಗಿಸಿ, ಎಣ್ಣೆ ಸವರಿ, ಗೋಡೆಗೆ ನೇತುಹಾಕಿ. ಅಡ್ಡ ಲಿಂಕುಗಳನ್ನ ಒಂದೊಂದಾಗಿ ನೋಡಿ, ಮೊದಲಿನ ದಪ್ಪದ ಅರ್ಧಕ್ಕೆ ಬಂದಿದ್ರೆ ಅಷ್ಟನ್ನ ಬದಲಾಯಿಸಿ, ಪೂರ್ತಿ ಚೈನ್ ಬಿಸಾಡೋದು ಬೇಡ. ಎಡಗಡೇದು ಯಾವುದು ಬಲಗಡೇದು ಯಾವುದು, ಹುಕ್ ಎಷ್ಟನೇ ಲಿಂಕಿಗೆ ಬಂದಿತ್ತು, ಇಷ್ಟು ಬರೆದ ಒಂದು ಚೀಟಿಯನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಚೈನಿಗೇ ಕಟ್ಟಿಡಿ.