ಮಾರ್ಕ್ಸ್ ಚೆನ್ನಾಗಿತ್ತು, ಹುಡುಗ ಮಾತ್ರ ಬರಲಿಲ್ಲ

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹಾಗಾಗಿ ಲೆಕ್ಚರರ್ ಆದಾಗ ಇಂಥ ಮಕ್ಕಳ ಕಷ್ಟ ನನಗೆ ಗೊತ್ತು ಅಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಎರಡನೇ ವರ್ಷದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದ. ಓದಿನಲ್ಲಿ ಮುಂದಿದ್ದವನು. ಫೋನ್ ಮಾಡಿದರೆ "ಏನಿಲ್ಲ ಮೇಡಂ, ಕೆಲಸಕ್ಕೆ ಸೇರಿಕೊಂಡೆ" ಅಂದ. ಕೆದಕಿ ಕೆದಕಿ ಕೇಳಿದ ಮೇಲೆ ಗೊತ್ತಾಯಿತು: ಲೈಬ್ರರಿ ಪುಸ್ತಕವೊಂದು ಕಳೆದುಹೋಗಿತ್ತು, ದಂಡ ಕಟ್ಟದೆ ಮುಂದಿನ ಸೆಮಿಸ್ಟರ್‌ಗೆ ಹೆಸರು ಬರೆಸಲು ಆಫೀಸಿನಲ್ಲಿ ಬಿಡಲಿಲ್ಲ, ಕಂತಿನಲ್ಲಿ ಕಟ್ಟುತ್ತೇನೆ ಅಂತ ಕೇಳಬಹುದು ಅನ್ನುವುದೇ ಅವನಿಗೆ ಹೊಳೆದಿರಲಿಲ್ಲ. ಕೌಂಟರ್‌ನಲ್ಲಿ "ಆಗಲ್ಲ" ಅಂದರು, ತಲೆ ತಗ್ಗಿಸಿ ಬಂದುಬಿಟ್ಟ. ಅಪ್ಪ ಅಮ್ಮ ಕಾಲೇಜು ಓದಿದ್ದರೆ "ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಡೋ" ಅಂತಿದ್ದರು, ಅಲ್ವಾ?

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ವಾರದಿಂದ ಕಾಣದವರು, ಫೀಸ್ ಬಾಕಿ ಇರುವವರು, ರಾತ್ರಿ ಪಾಳಿಯಲ್ಲಿ ದುಡಿಯುವವರು. ಒಬ್ಬೊಬ್ಬರನ್ನೇ ಕರೆದು ಹತ್ತು ನಿಮಿಷ ಮಾತಾಡಿಸುತ್ತೇನೆ. "ಹೇಗೆ ಓದ್ತಿದ್ದೀಯ" ಅಂದರೆ ಎಲ್ಲರೂ "ಚೆನ್ನಾಗಿ" ಅಂತಾರೆ, ಸುಮ್ನೆ. "ನಿನ್ನೆ ಎಷ್ಟು ಗಂಟೆಗೆ ಮಲಗಿದೆ" ಅಂತ ಕೇಳಿ ನೋಡಿ, ಆಗ ಬಾಯಿ ಬಿಡುತ್ತಾರೆ.

ಇದು ನನ್ನ ಸ್ವಂತ ಐಡಿಯಾ ಏನಲ್ಲ. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ಅಸಾಪ್ ಅನ್ನುವ ಯೋಜನೆ ಶುರು ಮಾಡಿತು. ಫೀಸಿಗೆ ಕಡಿಮೆ ಬಿದ್ದ ಹಣ, ಪುಸ್ತಕ, ಓಡಾಟದ ಪಾಸು, ಜೊತೆಗೆ ಪದೇ ಪದೇ ಕೂತು ಮಾತಾಡುವ ಸಲಹೆಗಾರ. ಚೀಟಿ ಎತ್ತಿದ ಹಾಗೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ನೋಡಿದರೆ, ಎರಡು ವರ್ಷದ ಕೋರ್ಸನ್ನು ಮೂರು ವರ್ಷದೊಳಗೆ ಮುಗಿಸಿದವರು ಅಸಾಪ್‌ನಲ್ಲಿ ಶೇ 40, ಇನ್ನೊಂದು ಗುಂಪಿನಲ್ಲಿ ಶೇ 22. ಓಡಾಟದ ಪಾಸಿಗೂ ಪದವಿಗೂ ಏನು ಸಂಬಂಧ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕರು. ಸಂಬಂಧ ಇದೆ, ಸಲಹೆಗಾರರನ್ನು ನೋಡದವರಿಗೆ ಪಾಸು ಸಿಗುತ್ತಿರಲಿಲ್ಲ! ನನ್ನ ಹತ್ತಿರ ಪಾಸಿಲ್ಲ, ಹಾಗಾಗಿ ನಾನೇ ಹುಡುಕಿಕೊಂಡು ಹೋಗುತ್ತೇನೆ.

ಆ ಹುಡುಗ ಮೂರು ಕಂತಿನಲ್ಲಿ ದಂಡ ಕಟ್ಟಿದ. ಒಂದು ಸೆಮಿಸ್ಟರ್ ಹೋಯಿತು, ಆದರೆ ವಾಪಸ್ ಬಂದ. ಇನ್ನೊಬ್ಬಳು ಬರಲಿಲ್ಲ. ತಾಯಿಗೆ ಹುಷಾರಿರಲಿಲ್ಲ, ಮನೆಯ ಕೆಲಸವೆಲ್ಲ ಅವಳ ಮೇಲೆ. ಬೆಳಗಿನ ಲ್ಯಾಬನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಟ್ಟೆ, ಸಾಲಲಿಲ್ಲ. ಇನ್ನು ಎರಡೇ ಪೇಪರ್ ಬಾಕಿ. ಅವಳ ಹೆಸರನ್ನು ಹೊಡೆದು ಹಾಕಿಲ್ಲ, ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಕೆಲವು ಸಲ ಎತ್ತುತ್ತಾಳೆ.