ಯೂಸ್ ಅಂಡ್ ಥ್ರೋ ಕ್ಯಾಮೆರಾದಲ್ಲಿ ಫೋಟೊ ಕಪ್ಪಾಗದ ಹಾಗೆ ತೆಗೆಯೋದು

ಜಪಾನಿನಲ್ಲಿ ಫ್ಯೂಜಿಯವರು ಒಂದೇ ರೀಲಿಗೆ ಮುಗಿಯುವ ಕ್ಯಾಮೆರಾ ಬಿಟ್ಟಿದ್ದು 1986ರಲ್ಲಿ. ಮೊಬೈಲ್ ಬಂತು, ಆದರೂ ಅದು ಹೋಗಲಿಲ್ಲ. ಈಗ ಕಾಲೇಜು ಹುಡುಗರು ಟ್ರಿಪ್‌ಗೆ, ಮದುವೆಗೆ ಹಿಡಿದುಕೊಂಡು ಹೋಗ್ತಾರೆ. ರೀಲ್ ತೊಳೆಸೋಕೆ ನನ್ನ ಸ್ಟುಡಿಯೋಗೆ ಬಂದವರು ಆಮೇಲೆ ಕೇಳುವುದು ಒಂದೇ: "ಅಣ್ಣಾ, ಯಾಕೆ ಅರ್ಧ ಕಪ್ಪಾಗಿದೆ?"

ಫ್ಲ್ಯಾಶ್ ಹಾಕಿಲ್ಲ, ಅದಕ್ಕೆ.

ಉದಾಹರಣೆಗೆ ಇಂಥದ್ದೇ ಕ್ಯಾಮೆರಾ ಕೊಡಕ್ ಫನ್‌ಸೇವರ್ ತಗೊಳ್ಳಿ. ಒಳಗಿರುವುದು 800 ಐಎಸ್‌ಒ (ರೀಲು ಬೆಳಕು ಹಿಡಿಯುವ ಶಕ್ತಿಯ ಅಳತೆ) ರೀಲು, 27 ಫೋಟೊ. ಲೆನ್ಸಿನ ತೂತು ಚಿಕ್ಕದು, ಶಟರ್ ವೇಗವೂ ಒಂದೇ. ನೀವು ಬದಲಾಯಿಸೋಕೆ ಏನೂ ಇಲ್ಲ. ಬಿಸಿಲು ಜಾಸ್ತಿಯಾದರೆ ಈ ಕಲರ್ ನೆಗೆಟಿವ್ ರೀಲು ತಡೆದುಕೊಳ್ಳುತ್ತದೆ, ಕತ್ತಲಾದರೆ ಕೈ ಕೊಡುತ್ತದೆ. ಹಾಗಾಗಿ ಮನೆಯೊಳಗೆ, ಸಂಜೆ, ದಟ್ಟ ಮರದ ನೆರಳಿನಲ್ಲಿ ಫ್ಲ್ಯಾಶ್ ಬೇಕೇ ಬೇಕು. ಫ್ಲ್ಯಾಶಿನ ಗುಂಡಿ ಒತ್ತಿ, ಸಣ್ಣ ದೀಪ ಹತ್ತುವವರೆಗೆ ಕಾಯಿರಿ, ಆಮೇಲೆ ಕ್ಲಿಕ್ ಮಾಡಿ.

ಆ ಫ್ಲ್ಯಾಶ್ ಮುಟ್ಟುವುದು ಹತ್ತು ಹನ್ನೊಂದು ಅಡಿವರೆಗೆ ಮಾತ್ರ. ಛತ್ರದ ಹಿಂದಿನ ಸಾಲಿನಲ್ಲಿ ಕೂತು ಮಂಟಪಕ್ಕೆ ಹೊಡೆದರೆ ಮುಂದಿನ ಕುರ್ಚಿಯವರ ತಲೆಗಳು ಬೆಳ್ಳಗೆ ಬರ್ತವೆ, ಗಂಡು ಹೆಣ್ಣು ಕತ್ತಲಲ್ಲಿ! ಎದ್ದು ಹತ್ತಿರ ಹೋಗಿ. ತೀರಾ ಹತ್ತಿರವೂ ಬೇಡ. ನಾಲ್ಕು ಅಡಿ ಒಳಗೆ ಮುಖ ಮಸುಕಾಗುತ್ತದೆ. ಕೈ ಚಾಚಿ ಸೆಲ್ಫಿ ತೆಗೆಯೋದು ಮರೆತುಬಿಡಿ. ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ, ಅಲ್ವಾ? ಲೆನ್ಸಿನ ಮೇಲೆ ಬೆರಳು ಕೂತರೂ ನಿಮಗೆ ಕಾಣುವುದಿಲ್ಲ. ತೊಳೆದ ಮೇಲೆ ಮೂಲೆಯಲ್ಲಿ ದಪ್ಪ ಗುಲಾಬಿ ಮೋಡ ನೋಡಿದ್ದೀನಿ, ಎಷ್ಟೋ ಸಲ.

ಪ್ರತಿ ಕ್ಲಿಕ್ ಆದ ಮೇಲೆ ಚಕ್ರವನ್ನು ಅದು ನಿಲ್ಲುವ ತನಕ ತಿರುಗಿಸಿ. ತೆಗೆದ ಫೋಟೊ ಒಂದೊಂದಾಗಿ ರೀಲಿನ ಡಬ್ಬಿಯೊಳಗೆ ಹೋಗುತ್ತದೆ, ಉಳಿದಿದ್ದೆಷ್ಟು ಅಂತ ಮೇಲಿನ ಅಂಕಿ ಹೇಳುತ್ತದೆ. ಒಳಗೇನಿದೆ ಅಂತ ಸುಮ್ನೆ ಬಿಚ್ಚೋಕೆ ಹೋಗಬೇಡಿ. ಸೆಲ್ ತೆಗೆದಿದ್ದರೂ ಫ್ಲ್ಯಾಶಿಗೆ ಕರೆಂಟ್ ಕೂಡಿಡುವ ಕೆಪಾಸಿಟರ್ ಜೋರಾಗಿ ಶಾಕ್ ಹೊಡೆಯುತ್ತದೆ.

ಬಿಸಿಲಲ್ಲಿ ನಿಂತ ಕಾರಿನೊಳಗೆ ಕ್ಯಾಮೆರಾ ಬಿಡಬೇಡಿ. ವಿಮಾನದಲ್ಲಿ ಹೋಗುವುದಾದರೆ ಲಗೇಜಿಗೆ ಹಾಕದೆ ಕೈಯಲ್ಲಿಟ್ಟುಕೊಂಡು, ಕೈಯಲ್ಲೇ ಚೆಕ್ ಮಾಡಿ ಅಂತ ಕೇಳಿ. ಏರ್‌ಪೋರ್ಟಿನಲ್ಲಿ ಬ್ಯಾಗಿನ ಎಕ್ಸ್‌ರೇ ತೆಗೆಯುವ ಹೊಸ ಸಿ.ಟಿ. ಸ್ಕ್ಯಾನರ್ ರೀಲನ್ನು ಹಾಳು ಮಾಡುತ್ತದೆ.

ಮುಗಿದ ಮೇಲೆ ಇಡೀ ಕ್ಯಾಮೆರಾ ತಂದು ಕೊಡಿ, ಬಿಚ್ಚೋದು ನಮ್ಮ ಕೆಲಸ. ವಾಟ್ಸಾಪ್‌ಗೆ ಸ್ಕ್ಯಾನ್ ಬಂತು ಅಂತ ಸುಮ್ಮನಾಗದೆ ನೆಗೆಟಿವ್ ಕೇಳಿ ತಗೊಳ್ಳಿ. ದೊಡ್ಡ ಪ್ರಿಂಟ್ ಬೇಕಾದಾಗ ಕೆಲಸಕ್ಕೆ ಬರುವುದು ಅದೇ.