ಹಿರಿಯರು ಬಿಟ್ಟುಹೋದ ಆರ್ಕಿಡ್‌ಗಳು: ನೀರು ಹುಯ್ಯುವ ಮೊದಲು ಬೇರು ನೋಡಿ

ಅಜ್ಜಿಯೋ ಮಾವನೋ ವರ್ಷಗಟ್ಟಲೆ ಸಾಕಿದ ಆರ್ಕಿಡ್ ಕುಂಡಗಳು ಅವರು ಹೋದ ಮೇಲೆ ತಾರಸಿಯ ಮೂಲೆಯಲ್ಲಿ ಎರಡು ಬೇಸಿಗೆ, ಎರಡು ಮಳೆಗಾಲ ಕಳೆದಿರುತ್ತವೆ. ಕೊನೆಗೆ ಯಾರಾದರೂ ವಹಿಸಿಕೊಂಡರೆ ಮೊದಲ ದಿನವೇ ಬಕೆಟ್‌ಗಟ್ಟಲೆ ನೀರು ಹುಯ್ದು, ಮೇಲೊಂದು ಹಿಡಿ ಗೊಬ್ಬರ ಹಾಕುತ್ತಾರೆ. ಅರೆಜೀವದ ಗಿಡ ಸಾಯುವುದು ಹೆಚ್ಚಾಗಿ ಆಗಲೇ. ಕುಂಡದೊಳಗಿನ ತೆಂಗಿನ ಸಿಪ್ಪೆ ಸುಮಾರು ಎರಡು ವರ್ಷಕ್ಕೆ ಕೊಳೆತು ಗಸಿಯಂತಾಗಿರುತ್ತದೆ. ಅದು ಒಮ್ಮೆ ನೆನೆದರೆ ದಿನಗಟ್ಟಲೆ ಆರುವುದಿಲ್ಲ. ಗಾಳಿ ಸಿಗದೆ ಉಳಿದ ನಾಲ್ಕು ಬೇರೂ ಕೊಳೆಯುತ್ತವೆ. ಬೇರಿಲ್ಲದ ಗಿಡಕ್ಕೆ ಗೊಬ್ಬರವೆಂದರೆ ಬರೀ ಉಪ್ಪು. ಎಲೆ ಎಷ್ಟೇ ಬಾಡಿರಲಿ, ಕುಂಡ ಬಿಚ್ಚಿ ಬೇರು ನೋಡದೆ ಏನನ್ನೂ ಹಾಕಬೇಡಿ.

ಬಿಚ್ಚುವುದಕ್ಕೂ ಮುಂಚೆ ಹೆಸರುಪಟ್ಟಿಗಳನ್ನು ಉಳಿಸಿಕೊಳ್ಳಿ. ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಪುಡಿಯಾಗುತ್ತದೆ, ಅರ್ಧ ಅಕ್ಷರ ಅಳಿಸಿರುತ್ತದೆ. ಇರುವಷ್ಟನ್ನು ಫೋಟೊ ತೆಗೆದು, ಹೊಸ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಗಿಡಕ್ಕೇ ತಂತಿಯಿಂದ ಕಟ್ಟಿ. ಮಾರ್ಕರ್ ಶಾಯಿ ಬಿಸಿಲಿಗೆ ಮಾಸುತ್ತದೆ, ಪೆನ್ಸಿಲ್ ಮಾಸುವುದಿಲ್ಲ. ಹೈಬ್ರಿಡ್ ಒಂದರ ಹೆಸರು ಕಳೆದರೆ ಹೂ ನೋಡಿ ಅದನ್ನು ಮತ್ತೆ ಖಚಿತವಾಗಿ ಹೇಳುವುದು ಬಹುಮಟ್ಟಿಗೆ ಅಸಾಧ್ಯ.

ಈಗ ಬೇರು. ಆರೋಗ್ಯವಾಗಿರುವ ಬೇರು ಒಣಗಿದಾಗ ಬೆಳ್ಳಿಯಂತೆ, ನೆನೆದಾಗ ಹಸಿರಾಗಿ ಕಾಣುತ್ತದೆ, ಒತ್ತಿದರೆ ಗಟ್ಟಿ. ಕೊಳೆತದ್ದು ಕಂದು, ಒತ್ತಿದರೆ ಪಿಚಕ್ಕನೆ ನೀರು ಬಿಡುತ್ತದೆ, ಎಳೆದರೆ ಮೇಲಿನ ಪದರ ಕಳಚಿ ಒಳಗಿನ ದಾರ ಮಾತ್ರ ಕೈಗೆ ಬರುತ್ತದೆ. ಅದನ್ನು ಕತ್ತರಿಸಿ. ಬಣ್ಣ ಕಂದಾದರೂ ಗಟ್ಟಿ ಇದ್ದರೆ ಬಿಡಿ, ಇದ್ದಿಲು ಸಿಪ್ಪೆಗಳ ಕಲೆಯಿಂದಲೂ ಹಾಗಾಗುತ್ತದೆ.

ಎಲೆಯಿಲ್ಲದ ಕೋಲುಗಳನ್ನು ಸತ್ತವೆಂದು ಕಿತ್ತೆಸೆಯುವುದು ಇನ್ನೊಂದು ದೊಡ್ಡ ತಪ್ಪು. ಕೋಲಿನಂಥ ಕಾಂಡದ ಡೆಂಡ್ರೋಬಿಯಂ ಎಂಬ ಆರ್ಕಿಡ್‌ನ ಹಳೆಯ ಕಾಂಡಗಳು ಎಲೆ ಉದುರಿಸಿಯೂ ವರ್ಷಗಟ್ಟಲೆ ಬದುಕಿರುತ್ತವೆ, ನೀರು ಆಹಾರ ಕೂಡಿಟ್ಟುಕೊಂಡಿರುತ್ತವೆ. ಎಷ್ಟೋ ಬಗೆಗಳಲ್ಲಿ ಹೂ ಬರುವುದೂ ಅವುಗಳ ಮೇಲೆಯೇ. ಸುಕ್ಕುಗಟ್ಟಿದ್ದರೂ ಹಸಿರೋ ಹಳದಿಯೋ ಆಗಿದ್ದು ಒತ್ತಿದರೆ ತುಂಬಿದಂತಿದ್ದರೆ ಜೀವವಿದೆ. ಕಪ್ಪಾಗಿ ಮೆತ್ತಗಾದದ್ದು, ಕಡ್ಡಿಯಂತೆ ಟೊಳ್ಳಾದದ್ದು ಮಾತ್ರ ಕಸಕ್ಕೆ.

ಕುಂಡ ಬದಲಿಸಲು ಬೆಂಗಳೂರಿನಲ್ಲಿ ಒಳ್ಳೆಯ ಕಾಲವೆಂದರೆ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದ ಮೇಲೆ, ಜೂನ್ ಮಳೆ ಹಿಡಿಯುವ ಮೊದಲು. ಹೊಸ ಮೊಳಕೆಯ ಬುಡದಲ್ಲಿ ಬೇರಿನ ಮೊಗ್ಗುಗಳು ಕಾಣಿಸಿಕೊಂಡ ಕೂಡಲೇ ಮಾಡಿದರೆ ಗಿಡ ವಾರಗಳಲ್ಲಿ ನೆಲೆಯೂರುತ್ತದೆ. ಡಿಸೆಂಬರ್, ಜನವರಿಯಲ್ಲಿ ಕಿತ್ತರೆ ತಿಂಗಳುಗಟ್ಟಲೆ ಹೊಸ ಬೇರಿಲ್ಲದೆ ಕೂರುತ್ತದೆ. ಆದರೆ ಕುಂಡ ಕೊಳೆತು ನಾರುತ್ತಿದ್ದರೆ ಕಾಲ ನೋಡುತ್ತ ಕೂರಬೇಡಿ.

ಮಣ್ಣಿನ ಬದಲು ಕುಂಡಕ್ಕೆ ತುಂಬುವ ಸಾಮಗ್ರಿ ದುಬಾರಿಯಲ್ಲ. ಇಸ್ತ್ರಿ ಅಂಗಡಿಗೆ ಬರುವಂಥ ಮರದ ಇದ್ದಿಲನ್ನು 2–3 ಸೆಂ.ಮೀ. ತುಂಡು ಮಾಡಿ ಪುಡಿ ಜರಡಿ ಹಿಡಿಯಿರಿ. ಇಟ್ಟಿಗೆ ಚೂರಿಗೆ ಸಿಮೆಂಟು, ಗಾರೆ ಅಂಟಿರಬಾರದು, ಸುಣ್ಣದ ಅಂಶ ಬೇರಿಗೆ ಆಗುವುದಿಲ್ಲ. ತೆಂಗಿನ ಸಿಪ್ಪೆಯ ತುಂಡುಗಳನ್ನು ಮೂರು ದಿನ ನೆನೆಸಿ, ದಿನವೂ ನೀರು ಚೆಲ್ಲಿ. ಮೊದಲ ದಿನದ ಕಂದು ನೀರಿನಲ್ಲಿ ಟ್ಯಾನಿನ್ ಮತ್ತು ಉಪ್ಪು ಎರಡೂ ಇರುತ್ತವೆ. ಡೆಂಡ್ರೋಬಿಯಂ, ದಪ್ಪ ಗಡ್ಡೆಯ ಕ್ಯಾಟ್ಲಿಯಾಗೆ ಮೂರು ಪಾಲು ಇದ್ದಿಲು, ಎರಡು ಪಾಲು ಇಟ್ಟಿಗೆ, ಒಂದು ಪಾಲು ಸಿಪ್ಪೆ. ಬಿಸಿಗಾಳಿ ಬಡಿಯುವ ಮೇಲಿನ ಮಹಡಿಯ ಬಾಲ್ಕನಿಯಾದರೆ ಸಿಪ್ಪೆ ಎರಡು ಪಾಲಾಗಲಿ. ಗಡ್ಡೆಯಿಲ್ಲದ, ಅಗಲ ಎಲೆಯ ಫೆಲನಾಪ್ಸಿಸ್‌ಗೆ ಅರ್ಧದಷ್ಟು ಸಿಪ್ಪೆ ಬೇಕು. ಪಕ್ಕದಲ್ಲೂ ತೂತಿರುವ ಮಣ್ಣಿನ ಕುಂಡಗಳಿಗೆ ಪಾಟರಿ ಟೌನಿನ ಕುಂಬಾರರನ್ನು ಕೇಳಬಹುದು, ಉಳಿದದ್ದಕ್ಕೆ ಲಾಲ್‌ಬಾಗ್ ಬಳಿಯ ಸಿದ್ದಾಪುರದ ನರ್ಸರಿಗಳಿವೆ.

ಬೇರು ಹಳೆಯ ಕುಂಡಕ್ಕೆ ಅಂಟಿದ್ದರೆ ಎಳೆಯಬೇಡಿ. ಅರ್ಧ ಗಂಟೆ ನೆನೆಸಿ ಚಪ್ಪಟೆ ಚಾಕು ತೂರಿಸಿ, ಆಗಲೂ ಬಾರದಿದ್ದರೆ ಕುಂಡ ಒಡೆದು ಆ ಓಡಿನ ಸಮೇತ ಹೊಸದಕ್ಕೆ ಇಡಿ. ಎರಡು ಗಿಡಗಳನ್ನು ಒಂದೇ ಬಕೆಟ್ಟಿನ ನೀರಿನಲ್ಲಿ ನೆನೆಸಕೂಡದು, ಒಂದೇ ಬ್ಲೇಡಿನಿಂದ ಕತ್ತರಿಸಲೂ ಕೂಡದು. ಹಳೆಯ ಸಂಗ್ರಹಗಳಲ್ಲಿ ಮೊಸಾಯಿಕ್ ವೈರಸ್ ಇರುವ ಸಂಭವ ಹೆಚ್ಚು. ಅದು ರಸದ ಮೂಲಕ ಬ್ಲೇಡಿನಿಂದ ಹರಡುತ್ತದೆ, ಅದಕ್ಕೆ ಔಷಧವಿಲ್ಲ. ಗಿಡಕ್ಕೊಂದು ಹೊಸ ಬ್ಲೇಡ್ ಬಳಸಿ. ಎಲೆಯಲ್ಲಿ ಹಳದಿ ಗೆರೆ ಅಥವಾ ಒಳಕ್ಕೆ ಕುಸಿದ ಕಪ್ಪು ಚುಕ್ಕೆ, ಹೂವಿನಲ್ಲಿ ಬಣ್ಣ ಒಡೆದಂತೆ ಪಟ್ಟೆ ಕಂಡರೆ ಆ ಗಿಡವನ್ನು ದೂರವಿಡಿ.

ಹೆಚ್ಚಿಗೆ ಬೆಳೆದ ಗುಂಪನ್ನು ಬಿಡಿಸುವುದಾದರೆ ಪ್ರತಿ ಪಾಲಿಗೆ ಕನಿಷ್ಠ ಮೂರು ಗಡ್ಡೆ ಅಥವಾ ಕಾಂಡ ಇರಲಿ. ಒಂದೊಂದಾಗಿ ಬಿಡಿಸಿದರೆ ಗಿಡ ಹೆಚ್ಚುತ್ತದೆ, ಹೂವು ವರ್ಷಗಟ್ಟಲೆ ಮುಂದೆ ಹೋಗುತ್ತದೆ. ಕತ್ತರಿಸಿದ ಮೇಲೆ ಕಾರ್ಬೆಂಡಜಿಮ್ ಮತ್ತು ಮ್ಯಾಂಕೋಜೆಬ್ ಬೆರೆತ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂ ಕಲಸಿ, ಕೈಗವಸು ಹಾಕಿಕೊಂಡು, ಹತ್ತು ನಿಮಿಷ ಅದ್ದಿ. ಈ ದ್ರಾವಣವೂ ಗಿಡಗಿಡಕ್ಕೆ ಬೇರೆಯಾಗಿರಲಿ. ಒಂದು ದಿನ ನೆರಳಿನಲ್ಲಿ ಆರಿಸಿ. ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚುವವರಿದ್ದಾರೆ. ಕಾಂಡಕ್ಕೆ ಸರಿ, ಬೇರಿಗೆ ಬೇಡ, ಅದು ಬೇರನ್ನು ಒಣಗಿಸುತ್ತದೆ.

ಕುಂಡ ಬೇರಿಗೆ ತಕ್ಕಷ್ಟೇ ಇರಲಿ, ಎಲೆಯ ಹರವು ನೋಡಿ ಆರಿಸಬೇಡಿ. ದೊಡ್ಡ ಕುಂಡದ ನಡುಭಾಗ ಆರುವುದೇ ಇಲ್ಲ. ಹಳೆಯ ಕಾಂಡಗಳು ಅಂಚಿಗೆ, ಹೊಸ ಮೊಳಕೆ ನಡುವಿಗೆ ಮುಖಮಾಡಲಿ. ಕಾಂಡಗಳನ್ನು ಜೋಡಿಸುವ ಅಡ್ಡಬುಡ ಸಾಮಗ್ರಿಯ ಮೇಲೆಯೇ ಕೂರಬೇಕು, ಹೂತರೆ ಕೊಳೆಯುತ್ತದೆ. ಆಮೇಲೆ ಕೋಲು ಕಟ್ಟಿ ಬಿಗಿ ಮಾಡಿ. ಗಾಳಿಗೆ ಗಿಡ ಅಲುಗುತ್ತಿದ್ದರೆ ಹೊಸ ಬೇರಿನ ತುದಿ ಉಜ್ಜಿ ಮುರಿಯುತ್ತದೆ. ಕುಂಡ ಬದಲಿಸಿದ ಗಿಡ ಮೇಲೇಳದಿರುವುದಕ್ಕೆ ಈ ಒಂದೇ ಕಾರಣ ಎಷ್ಟೋ ಸಲ ಸಾಕು. ಫೆಲನಾಪ್ಸಿಸ್ ಅನ್ನು ಸ್ವಲ್ಪ ಓರೆಯಾಗಿ ನೆಡಿ, ಸುಳಿಯಲ್ಲಿ ನೀರು ನಿಂತರೆ ಮಳೆಗಾಲದಲ್ಲಿ ಕೊಳೆಯುತ್ತದೆ.

ಸಂಗ್ರಹದಲ್ಲಿ ಮಲೆನಾಡಿನಿಂದ ಬಂದ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಇದ್ದರೆ ಅದನ್ನು ಕುಂಡಕ್ಕೆ ತುಂಬಲೇಬೇಡಿ. ಮರದ ತುಂಡಿಗೆ ಕಟ್ಟಿ ಅಥವಾ ಖಾಲಿ ಬುಟ್ಟಿಯಲ್ಲಿ ತೂಗುಹಾಕಿ. ಈಗಾಗಲೇ ಹಿಡಿದುಕೊಂಡಿದ್ದರೆ ಮುಟ್ಟದಿರುವುದೇ ಲೇಸು. ಹೋದ ಗಿಡದ ಜಾಗಕ್ಕೆ ಕಾಡಿನಿಂದ ಇನ್ನೊಂದನ್ನು ತರಬೇಡಿ, ನರ್ಸರಿಯಲ್ಲಿ ಬೆಳೆಸಿದ್ದನ್ನು ಕೇಳಿ ಪಡೆಯಿರಿ.

ಒಂದೂ ಬೇರುಳಿಯದ ಗಿಡಕ್ಕೆ ಕುಂಡವೇ ಬೇಡ. ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ ಚೆನ್ನಾಗಿ ಹಿಂಡಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದ ತಳಕ್ಕೆ ಒಂದು ಹಿಡಿ ಹಾಕಿ, ಗಿಡದ ಬುಡ ಅದಕ್ಕೆ ತಾಗಿಯೂ ತಾಗದಂತೆ ಇಟ್ಟು ಬಾಯಿ ಸಡಿಲವಾಗಿ ಕಟ್ಟಿ. ಬೆಳಕಿರಲಿ, ಬಿಸಿಲು ಒಂದಿಷ್ಟೂ ತಾಗದಿರಲಿ. ವಾರಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸಿ, ಬೂಷ್ಟು ಬಂದಿದೆಯೇ ನೋಡಿ. ಹೊಸ ಬೇರಿಗೆ ಒಂದೆರಡು ತಿಂಗಳು ಬೇಕು, ಒಮ್ಮೊಮ್ಮೆ ಇನ್ನೂ ಹೆಚ್ಚು.

ಬೆಂಗಳೂರಿನಲ್ಲಿ ಗಿಡ ಕೆಡಿಸುವುದು ನೀರಿನ ಪ್ರಮಾಣ ಮಾತ್ರವಲ್ಲ, ನೀರಿನ ಗುಣವೂ ಹೌದು. ಕುಂಡದ ಹೊರಮೈಯಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಹಳೆಯ ಬೋರ್‌ವೆಲ್ ನೀರಿನ ಗುರುತು. ಆರ್‌ಒ ಯಂತ್ರ ಆಚೆ ಬಿಡುವ ತ್ಯಾಜ್ಯ ನೀರನ್ನು ಗಿಡಕ್ಕೆ ಹುಯ್ಯುವ ರೂಢಿ ಎಷ್ಟೋ ಮನೆಗಳಲ್ಲಿದೆ. ಆರ್ಕಿಡ್‌ಗೆ ಅದು ಬೇಡ, ಬೇರ್ಪಡಿಸಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರಿನಲ್ಲಿ ಸೋಡಿಯಂ, ಅದೂ ಬೇಡ. ಮಳೆನೀರು ಎಲ್ಲಕ್ಕಿಂತ ಮೇಲು, ಆಮೇಲೆ ಕಾವೇರಿ ನೀರು. ಬೋರ್‌ವೆಲ್ ಬಿಟ್ಟು ಗತಿಯಿಲ್ಲದಿದ್ದರೆ ಮಳೆನೀರಿಗೆ ಬೆರೆಸಿ ಹಾಕಿ.

ನೆಟ್ಟ ಮೇಲೆ ಮೂರ್ನಾಲ್ಕು ದಿನ ನೀರು ಬೇಡ, ಬೆಳಿಗ್ಗೆ ಎಲೆಗೆ ತುಂತುರು ಸಾಕು. ಆಮೇಲೆ ಮಾರ್ಚ್, ಏಪ್ರಿಲ್ ಬಿಸಿಲಿಗೆ ಎರಡು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಸಾಮಗ್ರಿ ಆರಿದಾಗ ಮಾತ್ರ. ಹೊಸದಾಗಿ ನೆಟ್ಟವು ಮೊದಲ ಮಳೆಗಾಲವನ್ನು ಸೂರಿನಡಿ ಕಳೆಯಲಿ. ಡೆಂಡ್ರೋಬಿಯಂಗೆ 50 ಪರ್ಸೆಂಟ್ ಶೇಡ್ ನೆಟ್, ಫೆಲನಾಪ್ಸಿಸ್‌ಗೆ 75. ಗೊಬ್ಬರ ಹೊಸ ಬೇರು ಒಂದಂಗುಲ ಬೆಳೆದ ಮೇಲಷ್ಟೆ: 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಅನ್ನು ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ಮೊದಲು ಬರೀ ನೀರು ಹಾಕಿ ಬೇರು ನೆನೆದ ಮೇಲೆ. ತಿಂಗಳಿಗೊಮ್ಮೆ ಹೆಚ್ಚು ನೀರು ಹರಿಸಿ ಉಪ್ಪು ತೊಳೆಯಿರಿ, ಇದ್ದಿಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ಹಿಟ್ಟು ತಿಗಣೆ, ಶಲ್ಕ ಕೀಟಗಳನ್ನು 70 ಪರ್ಸೆಂಟ್ ಐಸೊಪ್ರೊಪಿಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ. ಮರಿಗಳು ಎಲೆಯ ಬುಡದಲ್ಲಿ ಅಡಗಿರುತ್ತವೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಬಸವನಹುಳು ಹೆಕ್ಕಿ, ಅವು ಮೊದಲು ತಿನ್ನುವುದೇ ಬೇರಿನ ಹಸಿ ತುದಿ.

ಇನ್ನೂ ಸುಕ್ಕು ಬಿಡದ ಗಿಡ ಆರು ತಿಂಗಳೊಳಗೆ ಹೂಗೊಂಚಲು ತೆಗೆದರೆ ಅದನ್ನು ಬೆಳೆಯಲು ಬಿಡಬೇಡಿ. ಒಂದು ಹೂ ಅರಳಿ ಬಣ್ಣ, ಹೆಸರು ತಾಳೆಯಾದ ಕೂಡಲೇ ಗೊಂಚಲು ಕತ್ತರಿಸಿ ನೀರಿನ ಲೋಟದಲ್ಲಿಡಿ, ಗಿಡ ಮೊದಲು ಬೇರು ಕಟ್ಟಲಿ.